ಫ್ರಿಜ್ಜಿಗೊಂದು, ದೀಪಕ್ಕೊಂದು, ಫೋನಿಗೊಂದು: ಮಾಸಾಯಿ ಚಿಕಿತ್ಸಾಲಯದ ಸೋಲಾರ್ 20 ತಿಂಗಳು ನಿಂತ ಬಗೆ

ಬೆಳಗಿನ ಆರೂಕಾಲು. ಪ್ಯಾನೆಲ್ ಮೇಲೆ ಬಿಸಿಲು ಬಿದ್ದಿರಲಿಲ್ಲ. ಹಿಂದಿನ ರಾತ್ರಿ ಹೆರಿಗೆ ಇದ್ದುದರಿಂದ ದೀಪ ನಸುಕಿನ ತನಕ ಉರಿದಿತ್ತು. ಲೋಡ್ ಬಿಚ್ಚಿ ಅರ್ಧ ಗಂಟೆ ಬಿಟ್ಟು ಮೀಟರ್ ಹಿಡಿದರೆ 12.5 ವೋಲ್ಟ್. 20 ತಿಂಗಳ ಹಿಂದೆ ನಾನೇ ಕೂರಿಸಿದ 100 ಎಎಚ್ (ಆಂಪ್-ಅವರ್, ಅಂದರೆ 5 ಆಂಪ್ ಎಳೆದರೆ 20 ಗಂಟೆ ಬರುವಷ್ಟು) ಜೆಲ್ ಬ್ಯಾಟರಿ ಅದು. ಅದಕ್ಕೂ ಮೊದಲು ಅದೇ ಜಾಗದಲ್ಲಿ ಯಾವ ಬ್ಯಾಟರಿಯೂ ಒಂದು ವರ್ಷ ದಾಟಿರಲಿಲ್ಲ. ಬರೀ ವೋಲ್ಟೇಜ್ ನಂಬುವಂತಿಲ್ಲವಾದ್ದರಿಂದ ಮರುದಿನ ಪೂರ್ತಿ ಚಾರ್ಜ್ ಮಾಡಿ 5 ಆಂಪ್ ಲೋಡ್ ಕೊಟ್ಟು ಇಳಿಸಿದೆ. 80 ಎಎಚ್ ಆಸುಪಾಸು ಸಿಕ್ಕಿತು. ಆ ಸೆಖೆಯಲ್ಲಿ ಇದು ಒಳ್ಳೆಯ ಫಲಿತಾಂಶ.

ಜಾಗ ಕೀನ್ಯಾದ ಕಜಿಯಾಡೊ ಕೌಂಟಿಯಲ್ಲಿ, ಮಗಾಡಿ ಸೋಡಾ ಸರೋವರ ದಾಟಿ ಇನ್ನೂ ಒಳಗೆ, ರಿಫ್ಟ್ ಕಣಿವೆಯ ತಳದಲ್ಲಿದೆ. ನಾಲ್ಕು ಕೋಣೆಯ ತಗಡಿನ ಮಾಡು, ಒಬ್ಬ ನರ್ಸ್, ಒಬ್ಬ ಸಹಾಯಕ. ಕರೆಂಟು ಇಲ್ಲ. ಸುತ್ತಲ ಮಾಸಾಯಿ ದನಗಾಹಿಗಳ ಬೋಮಾಗಳಿಂದ, ಅಂದರೆ ಬೇಲಿ ಸುತ್ತಿದ ಮನೆಗುಂಪುಗಳಿಂದ, ಲಸಿಕೆಗೆ, ಹೆರಿಗೆಗೆ, ಮಲೇರಿಯಾ ಪರೀಕ್ಷೆಗೆ ಜನ ನಡೆದು ಬರುತ್ತಾರೆ. ರಾಯಚೂರು, ಕಲಬುರಗಿ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಸೋಲಾರ್ ಹಾಕಿದವರಿಗೆ ಅಲ್ಲಿನ ಬಿಸಿಲು ಹೊಸದೇನಲ್ಲ. ಹೊಸದು ಸೋಡಾ ದೂಳು. ಅದರ ಮಾತು ಮುಂದೆ.

ಮೊದಲ ಸಲ ಹೋದಾಗ ಎಲ್ಲವೂ ಒಂದೇ ಬ್ಯಾಟರಿ ಬ್ಯಾಂಕಿನ ಮೇಲೆ ನಡೆಯುತ್ತಿತ್ತು: ದೀಪ, 12 ವೋಲ್ಟಿನ ಲಸಿಕೆ ಫ್ರಿಜ್, ಇನ್ವರ್ಟರ್, ಸೂಕ್ಷ್ಮದರ್ಶಕ, ಒಂದು ಟಿವಿ, ದಿನಕ್ಕೆ ಹದಿನೈದು ಇಪ್ಪತ್ತು ಫೋನು. ಬೆಳಗ್ಗೆ ಬ್ಯಾಟರಿ ಬರಿದಾಗಿ 10.9 ವೋಲ್ಟ್ ತೋರಿಸುತ್ತಿತ್ತು. ಬ್ಯಾಟರಿ ಕಾಯುವ ಕಂಟ್ರೋಲರ್, ಚಾರ್ಜು ತೀರಾ ಇಳಿದಾಗ ಲೋಡ್ ಕಡಿಯುತ್ತದೆ ಎಂದು ಯಾರೋ ಇನ್ವರ್ಟರಿನ ವೈರನ್ನು ನೇರ ಬ್ಯಾಟರಿ ಟರ್ಮಿನಲ್ಲಿಗೇ ಸುತ್ತಿಬಿಟ್ಟಿದ್ದರು. ಈ ಕೆಲಸದಲ್ಲಿರುವ ಎಲ್ಲರೂ ನೋಡಿರುವ ದೃಶ್ಯ ಇದು. ಫ್ರಿಜ್ ರಾತ್ರಿ ನಿಂತು ಹೋಗುತ್ತಿತ್ತು, ಲಸಿಕೆ ಹೊರಗೆ ಸುರಿಯಬೇಕಾಗುತ್ತಿತ್ತು.

ಎಲ್ಲರೂ ಕೊಡುವ ಪರಿಹಾರ ಒಂದೇ, ಫೋನ್ ಚಾರ್ಜಿಂಗ್ ನಿಷೇಧಿಸಿ. ನನಗಿಂತ ಮೊದಲು ಬಂದವರು ಬೋರ್ಡನ್ನೂ ತೂಗುಹಾಕಿದ್ದರು. ಅದು ನಡೆಯುವುದಿಲ್ಲ. ತುರ್ತು ಹೆರಿಗೆಯನ್ನು ಮುಂದಿನ ಆಸ್ಪತ್ರೆಗೆ ಕಳಿಸಲು ನರ್ಸ್ ಬಳಸುವುದು ತನ್ನ ಸ್ವಂತ ಫೋನು. ಊರಿನವರ ದುಡ್ಡೆಲ್ಲ ಎಂ-ಪೆಸಾದಲ್ಲಿ, ಅಂದರೆ ಫೋನಿನಲ್ಲೇ ಇದೆ. ಫೋನ್ ಸತ್ತರೆ ಸಂತೆಯಲ್ಲಿ ಮೇಕೆ ಮಾರಿದ ಹಣ ಮುಟ್ಟುವುದಿಲ್ಲ. ಹಾಗಾಗಿ ನಿಷೇಧ ಹಾಕಿದರೆ ಕದ್ದು ಚಾರ್ಜ್ ಮಾಡುತ್ತಾರೆ, ಕದ್ದದ್ದು ಕಂಟ್ರೋಲರನ್ನೇ ತಪ್ಪಿಸಿ ಹೋಗುತ್ತದೆ.

ನಾನು ಹೇಳಿದ್ದು ಇದರ ತಿರುಗುಮುರುಗು. ಫೋನಿಗೆ ಬೇರೆ ಪ್ಯಾನೆಲ್, ಬೇರೆ ಬ್ಯಾಟರಿ, ಬೇಲಿಯ ಹೊರಗೆ ಬೇರೆ ಗೂಡಂಗಡಿ. ದುಡ್ಡು ತೆಗೆದುಕೊಂಡು ಚಾರ್ಜ್ ಮಾಡಲಿ, ಆ ದುಡ್ಡಿನಿಂದಲೇ ಚಿಕಿತ್ಸಾಲಯದ ಮುಂದಿನ ಬ್ಯಾಟರಿ ಬರಲಿ. ನೈರೋಬಿಯ ಅಂಗಡಿಯವರು ತಲೆಯಾಡಿಸಿದರು. ಜೊತೆಗೆ ಬಂದ ಸ್ವಯಂಸೇವಕರಿಬ್ಬರು ‘ಆರು ತಿಂಗಳಲ್ಲಿ ದುಡ್ಡೂ ಇರಲ್ಲ, ಪ್ಯಾನೆಲ್ಲೂ ಇರಲ್ಲ’ ಎಂದರು. ಬೆಂಗಳೂರಿನ ಗೆಳೆಯರೂ ಅದನ್ನೇ ಹೇಳಿದರು. ಎರಡೂ ಇವತ್ತಿಗೂ ಇವೆ.

ಫ್ರಿಜ್ಜಿನ ಕತೆ ಚಿಕ್ಕದು. ಹಳೆಯದನ್ನು ತೆಗೆಸಿ ಬ್ಯಾಟರಿಯೇ ಇಲ್ಲದ, ಪ್ಯಾನೆಲ್ಲಿನಿಂದ ನೇರ ಓಡಿ ಹಗಲಲ್ಲಿ ಮಂಜುಗಡ್ಡೆ ಕಟ್ಟಿಕೊಳ್ಳುವ ಜಾತಿಯದು ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಇವು ಬಿಸಿಲಿಲ್ಲದೆ ಕನಿಷ್ಠ 3 ದಿನ ತಂಪು ಹಿಡಿಯಬೇಕು. ಅದರ ಪ್ಯಾನೆಲ್ಲಿಗೆ ಇನ್ನೊಂದು ವೈರು ಸೇರಿಸಲೇಬಾರದು, ಒಂದು ಬಲ್ಬಿಗೂ ಇಲ್ಲ. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಎಳೆಯುವ ಕರೆಂಟು ಸಿಗದಿದ್ದರೆ ಅದು ಮತ್ತೆ ಮತ್ತೆ ಪ್ರಯತ್ನಿಸಿ ನಿಲ್ಲುತ್ತದೆ, ಮೋಡದ ದಿನ ಬೆಳಗಿನ ಹೊತ್ತಿನ ಎರಡು ತಾಸು ಹೀಗೇ ಹೋಗುತ್ತದೆ. ಒಮ್ಮೆ ಮಧ್ಯಾಹ್ನ ಮೂರರ ನಂತರ ನೀರಿನ ಟ್ಯಾಂಕಿನ ನೆರಳು ಒಂದು ಪ್ಯಾನೆಲ್ಲಿನ ಮೂಲೆಗೆ ಬೀಳುತ್ತಿತ್ತು. ಮೂಲೆಯಷ್ಟೇ ಅಲ್ಲವೇ ಎಂದು ಬಿಟ್ಟಿದ್ದಕ್ಕೆ ಮಂಜು ಪೂರ್ತಿ ಕಟ್ಟಲಿಲ್ಲ. ಪ್ಯಾನೆಲ್ಲಿನ ಕಂಬ ಎರಡು ಮೀಟರ್ ಸರಿಸಿದೆ. ಖಾಲಿ ಫ್ರಿಜ್ಜನ್ನು ನಾಲ್ಕು ದಿನ ಓಡಿಸಿ, 2ರಿಂದ 8 ಡಿಗ್ರಿಯೊಳಗೆ ನಿಂತ ಮೇಲೆಯೇ ಲಸಿಕೆ ಇಡಲು ಬಿಟ್ಟೆ. ಐದು ರೋಗಗಳಿಗೆ ಕೊಡುವ ಪೆಂಟಾವೇಲೆಂಟ್ ಲಸಿಕೆ ಹೆಪ್ಪುಗಟ್ಟಿದರೆ ಸತ್ತಂತೆಯೇ, ಆದ್ದರಿಂದ ಬಿಸಿಯಷ್ಟೇ ಹೆಪ್ಪಿನ ಭಯವೂ ಇರಬೇಕು. ಈ ಸಲ ಹೋದಾಗ ತಾಪಮಾನದ ಲಾಗರ್ ಕೊನೆಯ 30 ದಿನದಲ್ಲಿ ಹೆಪ್ಪಿನ ಅಲಾರಂ ಒಂದೂ ತೋರಿಸಲಿಲ್ಲ. ಬಿಸಿಯ ಅಲಾರಂ ಒಂದಿತ್ತು, ಹೊಸ ಸರಕು ಬಂದ ದಿನ ಬಾಗಿಲು ತೆರೆದಿಟ್ಟದ್ದು. ಅದಕ್ಕೂ ಹಿಂದಿನದ್ದು ಗೋಡೆಯ ಚಾರ್ಟಿನಲ್ಲಿದೆ, ನರ್ಸ್ ದಿನಕ್ಕೆರಡು ಸಲ ತಪ್ಪದೆ ಬರೆದಿದ್ದಾರೆ.

ದೀಪದ ಸೆಟ್ಟಿನಲ್ಲಿ ನಾನು ಮಾಡಿದ ಮೊದಲ ಕೆಲಸ ಇನ್ವರ್ಟರನ್ನು ಕಿತ್ತು ಹಾಕಿದ್ದು. ಅದಕ್ಕೆ ಬೈಗುಳವೂ ಸಿಕ್ಕಿತು. ಲೆಕ್ಕ ನೋಡಿ. ಇನ್ವರ್ಟರ್ ಏನೂ ಮಾಡದೆ ಸುಮ್ಮನೆ ಕೂತರೂ 12 ವ್ಯಾಟ್ ತಿನ್ನುತ್ತಿತ್ತು, ದಿನಕ್ಕೆ 290 ವ್ಯಾಟ್-ಅವರ್. 5 ವ್ಯಾಟಿನ ಆರು ಡಿಸಿ ಎಲ್‌ಇಡಿ ನಾಲ್ಕು ಗಂಟೆ ಉರಿದು, ಹೊರಗಿನ 3 ವ್ಯಾಟಿನ ದೀಪ ರಾತ್ರಿಯಿಡೀ ಉರಿದರೂ 160 ದಾಟುವುದಿಲ್ಲ. ಬೆಳಕಿಗಿಂತ ಇನ್ವರ್ಟರಿನ ಹೊಟ್ಟೆಗೇ ಹೆಚ್ಚು ಹೋಗುತ್ತಿತ್ತು. ಈಗ ಎಲ್ಲವೂ 12 ವೋಲ್ಟ್ ಡಿಸಿ. ಸೂಕ್ಷ್ಮದರ್ಶಕದ ಬಲ್ಬ್ ಬದಲಿಸಿ 5 ವೋಲ್ಟಿನ ಎಲ್‌ಇಡಿ ಹಾಕಿದೆ. ಉಪಕರಣಗಳ ಕ್ರಿಮಿ ಕೊಲ್ಲಲು ಒಲೆಯ ಮೇಲಿನ ಪ್ರೆಷರ್ ಸ್ಟೆರಿಲೈಸರ್ ಇದೆ, ಅದಕ್ಕೆ ಕರೆಂಟೇ ಬೇಡ. 150 ವ್ಯಾಟ್ ಪ್ಯಾನೆಲ್, 100 ಎಎಚ್ ಬ್ಯಾಟರಿ. ದಿನಕ್ಕೆ ನೂರಕ್ಕೆ ಹದಿಮೂರು ಹದಿನಾಲ್ಕು ಪಾಲು ಇಳಿಯುತ್ತದೆ, ಮೂರು ದಿನ ಮೋಡ ಕವಿದರೂ ಅರ್ಧಕ್ಕಿಂತ ಕೆಳಗೆ ಹೋಗುವುದಿಲ್ಲ.

ಹಳೆಯ ವೈರಿಂಗಿನಲ್ಲಿ ಪ್ಯಾನೆಲ್ಲಿನಿಂದ ಕಂಟ್ರೋಲರಿಗೆ 14 ಮೀಟರ್, 2.5 ಚದರ ಮಿಮೀ ವೈರು. 8 ಆಂಪ್ ಹರಿದಾಗ ಒಂದೂವರೆ ವೋಲ್ಟ್ ದಾರಿಯಲ್ಲೇ ಕರಗುತ್ತಿತ್ತು, ಬ್ಯಾಟರಿ ಎಂದೂ ಪೂರ್ತಿ ತುಂಬುತ್ತಿರಲಿಲ್ಲ. ದಪ್ಪ ತಾಮ್ರ ಕೊಳ್ಳಲು ದುಡ್ಡಿರಲಿಲ್ಲವಾದ್ದರಿಂದ ಬ್ಯಾಟರಿಯನ್ನೇ ಪ್ಯಾನೆಲ್ ಕಡೆಯ ಕೋಣೆಗೆ ತಂದೆ. 5 ಮೀಟರ್, 6 ಚದರ ಮಿಮೀ, ನಷ್ಟ ಕಾಲು ವೋಲ್ಟು. ಪ್ಯಾನೆಲ್ ಉತ್ತರಕ್ಕೆ ಮುಖ ಮಾಡಿ 10 ಡಿಗ್ರಿ ಓರೆ. ನಮ್ಮ ಕೈ ತಾನಾಗಿ ದಕ್ಷಿಣಕ್ಕೆ ತಿರುಗಿಸುತ್ತದೆ, ಆದರೆ ಅದು ಸಮಭಾಜಕದಿಂದ ಸುಮಾರು 2 ಡಿಗ್ರಿ ಕೆಳಗಿನ ಊರು. ದಿಕ್ಕಿನಿಂದ ಅಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಓರೆ ಬೇಕಾದದ್ದು ಮಳೆ ನೀರು ದೂಳನ್ನು ತೊಳೆದುಕೊಂಡು ಇಳಿಯಲಿ ಎಂದು.

ಇನ್ನು ಸೋಡಾ ದೂಳು. ಒಣಗಿದ್ದಾಗ ಬರೀ ಬಿಳಿ ಪುಡಿ, ಇಬ್ಬನಿ ತಾಗಿದರೆ ಕ್ಷಾರ. ಅಲ್ಯೂಮಿನಿಯಂ ಕ್ಲಾಂಪುಗಳಲ್ಲಿ ಕುಳಿ ಬೀಳುತ್ತದೆ, ಟರ್ಮಿನಲ್ ಮೇಲೆ ಒದ್ದೆ ಪದರ ಕಟ್ಟಿ ಕರೆಂಟು ಸೋರುತ್ತದೆ. ಮೊದಲ ಸಲ ವೈರಿನ ತುದಿಗೆ ಸಾಧಾರಣ ಲಗ್ (ಲೋಹದ ಕೊಂಡಿ) ಹಾಕಿದ್ದೆ, ಎರಡು ತಿಂಗಳಿಗೆ ಒಂದು ಕೈಯಲ್ಲೇ ಮುರಿಯಿತು ಎಂದು ಫೋಟೋ ಬಂತು. ಈಗ ತವರ ಲೇಪಿಸಿದ ತಾಮ್ರದ ಲಗ್, ಮೇಲೆ ಬಿಸಿಗೆ ಕುಗ್ಗಿ ಹಿಡಿಯುವ ಹೀಟ್ ಶ್ರಿಂಕ್ ಕೊಳವೆ, ಅದರ ಮೇಲೆ ವ್ಯಾಸಲೀನ್. ಪ್ಯಾನೆಲ್ ಒರೆಸಲು ಬೋರ್‌ವೆಲ್ ನೀರು ಬೇಡ, ಗಾಜಿನ ಮೇಲೆ ಉಪ್ಪಿನ ಕಲೆ ಉಳಿಯುತ್ತದೆ. ಇಬ್ಬನಿ ಇರುವಾಗಲೇ ಹಳೆಯ ಶುಕಾ (ಮಾಸಾಯಿಗಳು ಹೊದೆಯುವ ವಸ್ತ್ರ) ಬಟ್ಟೆಯಿಂದ ಒರೆಸಿದರೆ ಸಾಕು.

ನನಗೆ ಅತ್ಯಂತ ಖುಷಿ ಕೊಟ್ಟದ್ದು ಬ್ಯಾಟರಿಯ ಪೆಟ್ಟಿಗೆ. ಬಿಸಿ 25 ಡಿಗ್ರಿಗಿಂತ 10 ಡಿಗ್ರಿ ಏರಿದರೆ ಲೆಡ್ ಆಸಿಡ್ ಬ್ಯಾಟರಿಯ ಆಯಸ್ಸು ಅರ್ಧ ಎಂಬುದು ನಮಗೆಲ್ಲ ಗೊತ್ತು. ಅಲ್ಲಿ ತಗಡಿನ ಕಪಾಟಿನೊಳಗೆ ಮಧ್ಯಾಹ್ನ 43 ಡಿಗ್ರಿ ಇತ್ತು. ಮಾಸಾಯಿ ಮನೆ ಕಟ್ಟುವವರು ಹೆಂಗಸರು. ಕಡ್ಡಿಯ ತಟ್ಟಿಗೆ ಮಣ್ಣು, ಸಗಣಿ, ಬೂದಿ ಕಲಸಿ ಮೆತ್ತುತ್ತಾರೆ. ಅಂಗಳ ಸಾರಿಸುವ ನಮ್ಮವರಿಗೆ ಇದರ ಗುಣ ಬಿಡಿಸಿ ಹೇಳಬೇಕಿಲ್ಲ. ಒಳಗೋಡೆಗೆ ತಾಗಿಸಿ ಅದೇ ಗಾರೆಯಲ್ಲಿ ಗೇಣಿಗೆ ಸ್ವಲ್ಪ ಕಡಿಮೆ ದಪ್ಪದ ಗೋಡೆಯ ಪೆಟ್ಟಿಗೆ ಕಟ್ಟಿಸಿದೆ. ಮೊದಲನೆಯದು ಕೆಟ್ಟಿತು. ಕಡ್ಡಿ ನೆಲ ಮುಟ್ಟಿದ್ದರಿಂದ ಗೆದ್ದಲು ಹತ್ತಿತು, ಗಾಳಿಕಿಂಡಿಗೆ ಜಾಲರಿ ಇಲ್ಲದ್ದರಿಂದ ಇಲಿ ಸೇರಿತು. ಎರಡನೆಯದಕ್ಕೆ ಕಲ್ಲಿನ ಪೀಠ ಕೊಟ್ಟು, ಬೂದಿ ಹೆಚ್ಚು ಹಾಕಿ, ಕೆಳಗೊಂದು ಮೇಲೊಂದು 40 ಮಿಮೀ ಪಿವಿಸಿ ಕೊಳವೆಗೆ ಸೊಳ್ಳೆ ಜಾಲರಿ ಕಟ್ಟಿದೆವು. ಮೇಲಿನ ಕಿಂಡಿ ಬಿಡಲೇಬೇಡಿ. ಜೆಲ್ ಬ್ಯಾಟರಿಯಾದರೂ ಚಾರ್ಜ್ ಹೆಚ್ಚಾದರೆ ಹೈಡ್ರೋಜನ್ ಬರುತ್ತದೆ, ಅದು ಮೇಲಕ್ಕೇ ಹೋಗುವುದು. ಮಧ್ಯಾಹ್ನ ಮೂರಕ್ಕೆ ಒಳಗೆ 32 ಡಿಗ್ರಿ.

ಇಲ್ಲೊಂದು ಎಡವಟ್ಟಾಯಿತು. ಕಂಟ್ರೋಲರ್ ಹೊರಗೆ ಬಿಸಿಯಲ್ಲಿ, ಬ್ಯಾಟರಿ ಒಳಗೆ ತಂಪಿನಲ್ಲಿ. ತಾಪದ ಸೆನ್ಸರ್ ಕಂಟ್ರೋಲರಿನೊಳಗೇ ಇದ್ದುದರಿಂದ ಅದು ಬ್ಯಾಟರಿಯೂ 43ರಲ್ಲಿದೆ ಎಂದುಕೊಂಡು ಚಾರ್ಜಿಂಗ್ ವೋಲ್ಟೇಜ್ ಇಳಿಸುತ್ತಿತ್ತು. ಡಿಗ್ರಿಗೆ ಸುಮಾರು 24 ಮಿಲಿವೋಲ್ಟಿನಂತೆ 11 ಡಿಗ್ರಿಗೆ ಕಾಲು ವೋಲ್ಟಿಗೂ ಹೆಚ್ಚು ಕಡಿಮೆ ಬಿತ್ತು. ವೈರಿನ ಸೆನ್ಸರ್ ಇರುವ ಕಂಟ್ರೋಲರ್ ತರಿಸಲು 3,500 ಶಿಲಿಂಗ್ ಹೋಯಿತು. ಆಗ ಶಿಲಿಂಗಿಗೆ 60 ಪೈಸೆಯ ಆಸುಪಾಸು. ಹಳೆಯ ಸತ್ತ ಬ್ಯಾಟರಿಗಳನ್ನು ಪಲ್ಸ್ ಚಾರ್ಜರ್ ಹಾಕಿ ಎಬ್ಬಿಸಲು ನೋಡಿ ಇನ್ನೊಂದು 4,000 ಕಳೆದೆ. ಒಂದೂ ಏಳಲಿಲ್ಲ. ನೀವು ಆ ದಾರಿಗೆ ಹೋಗಬೇಡಿ.

ಫೋನ್ ಗೂಡಂಗಡಿಗೆ 100 ವ್ಯಾಟ್ ಪ್ಯಾನೆಲ್, 26 ಎಎಚ್ ಬ್ಯಾಟರಿ ಸಾಕಾಯಿತು. ಹಗಲಲ್ಲಿ ಮಾತ್ರ ಚಾರ್ಜಿಂಗ್, ಬೆಳಗ್ಗೆ ಒಂಬತ್ತರಿಂದ ನಾಲ್ಕು. ಬ್ಯಾಟರಿ ಇರುವುದು ಮೋಡ ಸರಿದಾಗ ವೋಲ್ಟೇಜ್ ಕುಣಿಯದಿರಲಿ ಎಂದು ಅಷ್ಟೆ. ಗುಂಡಿ ಫೋನಿಗೆ 7 ವ್ಯಾಟ್-ಅವರ್, ಸ್ಮಾರ್ಟ್‌ಫೋನಿಗೆ ನಷ್ಟ ಸೇರಿ 25 ಹಿಡಿದರೆ, ಹನ್ನೆರಡು ಗುಂಡಿ ಫೋನು, ಎಂಟು ಸ್ಮಾರ್ಟ್ ಸೇರಿ 280ರ ಸುಮಾರು. ಪ್ಯಾನೆಲ್ ಒಳ್ಳೆಯ ದಿನ 380 ಕೊಡುತ್ತದೆ. ಹತ್ತು ಕಿಂಡಿಯ ಅಗ್ಗದ ಯುಎಸ್‌ಬಿ ಪೆಟ್ಟಿಗೆಗಳು ಬಿಸಿಗೆ ಒಂದರ ಹಿಂದೊಂದು ಮೂರು ಹೋದವು. ಕಾರಿಗೆ ಹಾಕುವ ಎರಡು ಕಿಂಡಿಯ ಅಡಾಪ್ಟರುಗಳನ್ನು ಐದಾರು ಸಾಲಾಗಿ, ಪ್ರತಿಯೊಂದಕ್ಕೂ ಬೇರೆ ಫ್ಯೂಸ್ ಕೊಟ್ಟು ಹಾಕಿದ ಮೇಲೆ ತೊಂದರೆ ನಿಂತಿತು. ಒಂದು ಸುಟ್ಟರೆ ಒಂದೇ ಹೋಗುತ್ತದೆ.

ಯಾರ ಫೋನು ಯಾವುದೆಂದು ಗುರುತಿಸಲು ಚೀಟಿ ನಂಬರು ಕೆಲಸ ಮಾಡಲಿಲ್ಲ, ಬೆವರಿಗೆ ಹರಿಯಿತು, ಓದಲು ಬಾರದವರೂ ಇದ್ದರು. ಗೂಡಂಗಡಿಯ ದುಡ್ಡು ನೋಡಿಕೊಳ್ಳುವ ಮಹಿಳಾ ಗುಂಪಿನವರೇ ದಾರಿ ಕಂಡುಹಿಡಿದರು. ಒಂದೇ ಬಣ್ಣದ ವಿನ್ಯಾಸದ ಎರಡೆರಡು ಮಣಿ ಸರ, ಒಂದು ಫೋನಿಗೆ, ಇನ್ನೊಂದು ಯಜಮಾನನ ಕೈಗೆ. ನಲವತ್ತು ಜೋಡಿ ಮಾಡಿದ್ದಾರೆ. ಒಂದು ಫೋನೂ ಅದಲುಬದಲಾಗಿಲ್ಲ.

ಫೋನಿಗೆ 20 ಶಿಲಿಂಗ್. ಸಂತೆ ದಿನ ನಲವತ್ತು ಫೋನಿನ ತನಕ, ಬೇರೆ ದಿನ ಹತ್ತು. ತಿಂಗಳಿಗೆ ಸರಾಸರಿ 6,500. ಕೂರುವ ಹುಡುಗಿಗೆ 3,000. ಬರದಲ್ಲಿ ದನ ಹೊಡೆದುಕೊಂಡು ಯುವಕರೆಲ್ಲ ದೂರ ಹೋದ ಎರಡು ತಿಂಗಳು ಮುಚ್ಚಿತ್ತು. ಉಳಿದ 18 ತಿಂಗಳಲ್ಲಿ 1,17,000 ಬಂದು, ಸಂಬಳಕ್ಕೆ 54,000, ಅಡಾಪ್ಟರು, ಕೇಬಲ್ಲು, ಎಂ-ಪೆಸಾ ಶುಲ್ಕಕ್ಕೆ 16,000 ಹೋಗಿ ಕೈಯಲ್ಲಿ 47,000 ಚಿಲ್ಲರೆ. 100 ಎಎಚ್ ಜೆಲ್ ಬ್ಯಾಟರಿ ನೈರೋಬಿಯಲ್ಲಿ 28,000ಕ್ಕೆ ಸಿಗುತ್ತಿತ್ತು. ಗೂಡಂಗಡಿಯ ಆರಂಭದ ಖರ್ಚು ಮರ, ತಗಡು ಸೇರಿ 31,000 ಆಗಿತ್ತು. ದುಡ್ಡು ಚಿಕಿತ್ಸಾಲಯದ ಲೆಕ್ಕಕ್ಕೆ ಸೇರುವುದಿಲ್ಲ, ಮಹಿಳಾ ಗುಂಪಿನ ಸಿಮ್‌ನಲ್ಲಿದೆ. ಸಿಮ್ ಒಬ್ಬರ ಹತ್ತಿರ, ಪಿನ್ ಇನ್ನೊಬ್ಬರ ಹತ್ತಿರ, ಇಬ್ಬರೂ ಒಂದೇ ಬೋಮಾದವರಲ್ಲ.

ದೀಪದ ಬ್ಯಾಟರಿಗೆ ಯಾರೂ ಮತ್ತೆ ಇನ್ವರ್ಟರ್ ಸುತ್ತದಂತೆ ಟರ್ಮಿನಲ್ ಹತ್ತಿರ ಒಂದು ಏರ್ಪಾಡು ಮಾಡಿದ್ದೇನೆ. 20 ತಿಂಗಳಲ್ಲಿ ಅದನ್ನು ಯಾರೂ ದಾಟಿಲ್ಲ. ಹೇಗೆಂದು ಇಲ್ಲಿ ಬರೆಯುವುದಿಲ್ಲ, ಬರೆದರೆ ದಾಟುವ ದಾರಿಯನ್ನೂ ಬರೆದಂತೆ. ಕೆಲಸದ ಜಾಗಕ್ಕೆ ಬಂದವರಿಗೆ ತೋರಿಸುತ್ತೇನೆ.

ಈ ಸಲ ಹೆರಿಗೆ ಕೋಣೆಗೆ ಫ್ಯಾನ್ ಬೇಕೆಂದು ನರ್ಸ್ ಕೇಳಿದರು. ‘ಫುಂಡಿ (ಮೇಸ್ತ್ರಿ), ಫೋನ್ ಬ್ಯಾಟರಿಯಿಂದ ಒಂದು ವೈರು ಎಳೆದರೆ ಆಯಿತಲ್ಲ?’ ಆಗುವುದಿಲ್ಲ ಎಂದೆ, ಅಲ್ಲಿಂದಲೇ ಹಳೆಯ ರೋಗ ಶುರುವಾಗುವುದು. 40 ವ್ಯಾಟಿನ ಬೇರೆಯೇ ಪ್ಯಾನೆಲ್ ಹಾಕಿ 12 ವೋಲ್ಟಿನ ಡಿಸಿ ಫ್ಯಾನನ್ನು ನೇರ ಜೋಡಿಸಿದೆ. ಮೊದಲ ಫ್ಯಾನ್ ಒಂದೇ ದಿನದಲ್ಲಿ ಸುಟ್ಟಿತು. ಬೆಳಕು ಜೋರಾದರೆ ಪ್ಯಾನೆಲ್ 20 ವೋಲ್ಟ್ ಹತ್ತಿರ ಕೊಡುತ್ತದೆ, ಆ ಮೋಟಾರಿಗೆ ಅದು ತಡೆಯಲಿಲ್ಲ. ನಡುವೆ 12ಕ್ಕೆ ಇಳಿಸುವ ಬಕ್ ಕನ್ವರ್ಟರ್ ಹಾಕಿದ ಮೇಲೆ ಸರಿಯಾಗಿ ತಿರುಗುತ್ತಿದೆ. ಬಿಸಿಲಿದ್ದಾಗ ತಿರುಗುತ್ತದೆ, ಸಂಜೆ ನಿಲ್ಲುತ್ತದೆ. ಬ್ಯಾಟರಿ ಇಲ್ಲ, ಸ್ವಿಚ್ ಒಂದೇ.