ಹೋಳಿಗೆ ಡಬ್ಬಿಯ ಎಪಿಸೋಡ್

ಡೈಲಿ ಸೀರಿಯಲ್‌ಗೆ ಸಂಭಾಷಣೆ ಬರೆಯುವುದು ನನ್ನ ಕೆಲಸ. ಕಥೆ ತಂಡದವರು ಒನ್‌ಲೈನ್ ಕಳಿಸುತ್ತಾರೆ, ನಾವು ಅದನ್ನು ಸೀನ್ ಮಾಡಿ ಮಾತು ತುಂಬುತ್ತೇವೆ. ಆ ಸಲ ಬಂದದ್ದು ಇಷ್ಟೇ: ‘ಸೀಮಂತದ ದಿನ ಅಪ್ಪ ತೀರಿಕೊಂಡ ಸುದ್ದಿ ಮಗಳಿಗೆ ತಿಳಿಯುತ್ತದೆ. ಮನೆಯೆಲ್ಲ ಅಳು.’ ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಸುಮಾರು 22 ನಿಮಿಷ. ಮರುದಿನ ಬೆಳಿಗ್ಗೆ ಶೂಟಿಂಗ್.

ಮೊದಲ ಡ್ರಾಫ್ಟ್ ಬೇಗ ಮುಗಿಯಿತು. ಪಕ್ಕದ ಮನೆಯವರು ಓಡಿ ಬರುತ್ತಾರೆ, ಮಗಳು ಕುಸಿಯುತ್ತಾಳೆ, ಹಸಿರು ಬಳೆ ಒಡೆಯುತ್ತದೆ. ಓದಿದೆ. ಎಲ್ಲರೂ ಅಳುತ್ತಿದ್ದರು, ನನಗೇ ಏನೂ ಅನಿಸಲಿಲ್ಲ.

ಆಗ ನೆನಪಾದದ್ದು ‘ಮಾಲ್ಗುಡಿ ಡೇಸ್’. 1980ರ ದಶಕದಲ್ಲಿ ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿ, ದೂರದರ್ಶನದಲ್ಲಿ ಬಂದ ಸರಣಿ. ಅದರಲ್ಲಿ ಪೋಸ್ಟ್‌ಮ್ಯಾನ್ ತಾನಪ್ಪನ ಕಥೆ ಇದೆ, ಆರ್.ಕೆ. ನಾರಾಯಣರ ‘ದಿ ಮಿಸ್ಸಿಂಗ್ ಮೇಲ್’. ತಾನಪ್ಪ ಬರೀ ಕಾಗದ ಕೊಟ್ಟು ಹೋಗುವವನಲ್ಲ, ಪ್ರತಿ ಮನೆಯ ಸುಖದುಃಖ ಅವನಿಗೆ ಗೊತ್ತು. ರಾಮಾನುಜಂ ಅವರ ಮಗಳು ಕಾಮಾಕ್ಷಿಗೆ ಗಂಡು ಸಿಗುವಲ್ಲೂ ಅವನ ಕೈ ಇದೆ. ಮದುವೆ ಹೊತ್ತಿಗೆ ಆ ಮನೆಗೆ ಸಾವಿನ ಸುದ್ದಿ ಬರುತ್ತದೆ. ಕೊಟ್ಟರೆ ಮದುವೆ ನಿಲ್ಲುತ್ತದೆ. ಅವನು ಕೊಡುವುದಿಲ್ಲ. ಎಲ್ಲ ಮುಗಿದ ಮೇಲೆ ತಂದುಕೊಟ್ಟು, ಬೇಕಾದರೆ ನನ್ನ ಮೇಲೆ ದೂರು ಕೊಡಿ ಎನ್ನುತ್ತಾನೆ. ಇಲಾಖೆಯ ಲೆಕ್ಕದಲ್ಲಿ ಅದು ಅಪರಾಧ, ಕೆಲಸವೇ ಹೋಗಬಹುದು. ಇದನ್ನು ನೆನೆದಾಗೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಪೆನ್ನು ಹಿಡಿದು ಯೋಚಿಸಿದೆ. ಇಲ್ಲಿ ಸಂಕಟ ಇರುವುದು ಸುದ್ದಿಯಲ್ಲಲ್ಲ, ಸುದ್ದಿಯನ್ನು ಜೇಬಲ್ಲಿಟ್ಟುಕೊಂಡು ಓಡಾಡುವವನಲ್ಲಿ. ಹಾಗಾದರೆ ನನ್ನ ಕಥೆಯಲ್ಲಿ ಅದನ್ನು ಹೊರುವವರು ಯಾರು? ಅಣ್ಣ. ಅಲ್ಲಿವರೆಗೆ ಅವನಿಗೆ ಇದ್ದದ್ದು ಎರಡೇ ಮಾತು.

ಒನ್‌ಲೈನನ್ನು ತಿರುಗಿಸಿದೆ. ಅಪ್ಪ ಊರಿಂದ ಬಸ್ಸಲ್ಲಿ ಬರುತ್ತಿದ್ದಾರೆ, ತಡವಾಗಿದೆ. ಹಿತ್ತಲಲ್ಲಿ ಅಣ್ಣನಿಗೆ ಫೋನ್ ಬರುತ್ತದೆ. ಆ ಕಡೆಯ ದನಿ ನಮಗೆ ಕೇಳಿಸುವುದಿಲ್ಲ. ಒಳಗೆ ತಂಗಿ ಇನ್ನೂ ಎಲೆ ಮುಂದೆ ಕೂತಿದ್ದಾಳೆ. ಈಗ ಹೇಳಿದರೆ ಅವಳು ತುತ್ತು ಬಿಟ್ಟು ಏಳುತ್ತಾಳೆ. ಅವನು ಮುಖ ತೊಳೆದು ಬಂದು ಹೋಳಿಗೆ ಬಡಿಸುತ್ತಾನೆ, ತುಪ್ಪ ಹಾಕುತ್ತಾನೆ. ಅವಳು ಹೇಳುವುದು ಒಂದೇ ಸಾಲು: “ಅಪ್ಪಂಗೆ ಎರಡು ಎತ್ತಿಡು, ಆಮೇಲೆ ಖಾಲಿಯಾಗಿಬಿಡತ್ತೆ.” ಅವನು ಸ್ಟೀಲ್ ಡಬ್ಬಿ ತೆಗೆದು ಎರಡು ಹೋಳಿಗೆ ಇಡುತ್ತಾನೆ. ಮುಚ್ಚಳ ಒತ್ತುತ್ತಾನೆ. ಅದು ಕೂರುವುದಿಲ್ಲ. ಮತ್ತೆ ಒತ್ತುತ್ತಾನೆ.

ಮೂರು ಪುಟದ ಮಾತು ಒಂದು ಪುಟಕ್ಕೆ ಇಳಿಯಿತು. ರಾತ್ರಿ ಹನ್ನೊಂದಕ್ಕೆ ನಿರ್ದೇಶಕರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಣ್ಣೀರಿಗೆ ಗ್ಲಿಸರಿನ್ ಬೇಡ ಬಿಡಿ” ಅಂದರು.

ಸೆಟ್‌ನಲ್ಲಿ ಮೊದಲ ಟೇಕ್ ಹಾಳಾಯಿತು. ನಮ್ಮಲ್ಲಿ ನಟರಿಗೆ ಮಾತನ್ನು ಬದಿಯಲ್ಲಿ ನಿಂತು ಹೇಳಿಕೊಡುತ್ತಾರೆ, ಅದೇ ಪ್ರಾಂಪ್ಟ್. ಡಬ್ಬಿ ಹಿಡಿದ ನಟ ಸುಮ್ಮನೆ ನಿಂತಾಗ, ಸಾಲು ಮರೆತರು ಅಂದುಕೊಂಡು ಹುಡುಗ ಮುಂದಿನ ಮಾತು ಹೇಳಿಬಿಟ್ಟ. ತಪ್ಪು ನನ್ನದೇ. ಮೌನ ಎಷ್ಟು ಹೊತ್ತು ಅಂತ ನಾನು ಹಾಳೆಯಲ್ಲಿ ಬರೆದಿರಲಿಲ್ಲ. ಈಗ ಬರೆಯುತ್ತೇನೆ, ‘ಮಾತಿಲ್ಲ, ಮುಚ್ಚಳ ಮೂರು ಸಲ’ ಎನ್ನುವಷ್ಟು ಬಿಡಿಸಿ. ಎರಡನೇ ಟೇಕಿಗೆ ಪ್ರಾಂಪ್ಟ್ ಇರಲಿಲ್ಲ. ಮೂರನೇ ಸಲ ಒತ್ತುವಾಗ ನಟನ ಹೆಬ್ಬೆರಳು ಬೆಳ್ಳಗಾಗಿದ್ದು ಮಾನಿಟರ್‌ನಲ್ಲಿ ಕಾಣುತ್ತಿತ್ತು. ಕಟ್ ಹೇಳಲು ನಿರ್ದೇಶಕರು ತಡ ಮಾಡಿದರು.

ಎಡಿಟಿಂಗ್‌ನಲ್ಲಿ ವಾದ ಆಯಿತು. ಅಷ್ಟು ಹೊತ್ತು ಮ್ಯೂಸಿಕ್ ಇಲ್ಲದಿದ್ದರೆ ಜನ ಚಾನೆಲ್ ಬದಲಿಸುತ್ತಾರೆ ಅನ್ನುವ ಭಯ. ಅವರ ಭಯ ಸುಳ್ಳೇನಲ್ಲ, ವಾರವಾರವೂ ಟಿಆರ್‌ಪಿ ಬರುತ್ತದಲ್ವಾ. ಕೊನೆಗೆ ಆ ಸೀನಿಗೆ ಪಾತ್ರೆ ಸದ್ದು, ಹೆಂಗಸರ ಮಾತು ಮಾತ್ರ ಉಳಿಸಿ, ತಂಗಿ ಕೈ ತೊಳೆದು ಬಂದು ಅಣ್ಣನ ಮುಖ ನೋಡುವಾಗ ತಂಬೂರಿ ಶುರು ಮಾಡಿದರು. ಆ ನೋಟಕ್ಕೇ ಎಪಿಸೋಡ್ ನಿಂತಿತು.

ಮುಂದಿನ ಎಪಿಸೋಡಿಗೆ ಕೂತಾಗ ಯಾರ ಮಾತನ್ನೂ ಮೊದಲು ಬರೆಯಲಿಲ್ಲ. ಡಬ್ಬಿ ಎಲ್ಲಿದೆ ಎಂದು ಬರೆದೆ. ಅಡುಗೆಮನೆ ಕಟ್ಟೆ ಮೇಲೆ, ಮುಚ್ಚಳ ಒಂದು ಬದಿ ಎದ್ದಿದೆ.