ಮಿರಗದ (ಮೃಗಶಿರಾ) ಮಳೆಗೆ ಮುನ್ನ ಊರಿನ ರಸ್ತೆಯನ್ನು ಸಿದ್ಧಗೊಳಿಸುವುದು ಹೇಗೆ?

ಎರೆ ಮಣ್ಣಿನ ಸೀಮೆಯಲ್ಲಿ ರಸ್ತೆಯನ್ನು ಹೆಚ್ಚಾಗಿ ಕೆಡಿಸುವುದು ನಿಂತ ನೀರು. ಕಲಬುರಗಿ ಜಿಲ್ಲೆಯ ಈ ಕಪ್ಪು ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಹಾಕಿದ ಗರಸಾಗಲಿ (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ಡಾಂಬರಾಗಲಿ ಅದರೊಂದಿಗೇ ಎದ್ದು ಕುಸಿಯುತ್ತದೆ. ಆದ್ದರಿಂದ ಗ್ರಾಮಸ್ಥರು ಮೊದಲು ನೀರಿಗೆ ದಾರಿ ಮಾಡಿಕೊಡಬೇಕು, ಮತ್ತು ಆ ಕೆಲಸ ರೋಹಿಣಿ ಮಳೆ ಕೂಡುವ ಮೇ ಕೊನೆಯ ವಾರದೊಳಗೆ ಮುಗಿಯಬೇಕು.

ರಸ್ತೆಯಡಿ ನೀರು ಹಾಯಿಸುವ ಮೋರಿಯ ಒಂದು ತುದಿಯಲ್ಲಿ ಕುಳಿತು ಪೈಪಿನೊಳಗೆ ಇಣುಕಿ ನೋಡಿ. ಆಚೆ ತುದಿಯ ಬೆಳಕು ಪೂರ್ತಿ ದುಂಡಗೆ ಕಾಣದೆ ಅರ್ಧಚಂದ್ರದಂತೆ ಕಂಡರೆ ಒಳಗೆ ಹೂಳಿದೆ ಎಂದೇ ಅರ್ಥ. ಹೊಲದಿಂದ ತೇಲಿಬಂದ ತೊಗರಿ ಕಟ್ಟಿಗೆ ಅಡ್ಡ ಸಿಕ್ಕಿ, ಅದಕ್ಕೆ ಪ್ಲಾಸ್ಟಿಕ್ ಚೀಲಗಳು ಸುತ್ತಿಕೊಂಡು, ಅದರ ಹಿಂದೆ ಮಣ್ಣು ಕೂಡುತ್ತದೆ. ತೆಗೆದ ಹೂಳನ್ನು ಚರಂಡಿಯ ದಂಡೆಗೆ ಗುಡ್ಡೆ ಹಾಕಿದರೆ ಮೊದಲ ಮಳೆಗೇ ಅದು ಮರಳಿ ಒಳಗೆ ಸೇರುವುದರಿಂದ, ಅದನ್ನು ಅಂದೇ ದೂರ ಸಾಗಿಸಬೇಕು.

ಗರಸಿನ ರಸ್ತೆಯ ನಡು ಎತ್ತರವಾಗಿರಲಿ. ಹನ್ನೆರಡು ಅಡಿ ಅಗಲದ ದಾರಿಗೆ ಅಂಚಿಗಿಂತ ನಡು ಸುಮಾರು 3 ಇಂಚು ಎತ್ತರವಿದ್ದರೆ ಸಾಕು. ಗುಂಡಿ ಮುಚ್ಚುವಾಗ ಪಕ್ಕದ ಹೊಲದ ಎರೆ ಮಣ್ಣನ್ನು ತುಂಬಲೇಬಾರದು. ಕೆಸರನ್ನು ಪೂರ್ತಿ ತೆಗೆದು, ಅಂಚುಗಳನ್ನು ನೆಟ್ಟಗೆ ಕಡಿದು, ಹದವಾಗಿ ನೀರು ಚಿಮುಕಿಸಿದ ಗರಸನ್ನು ನಾಲ್ಕು ಇಂಚಿನ ಪದರಗಳಲ್ಲಿ ಹಾಕಿ, ಪ್ರತಿ ಪದರವನ್ನೂ ಕುಟ್ಟಿ ದಮ್ಮಸು ಮಾಡಬೇಕು.

ಕೆಲಸದ ನಡುವೆ ಗುಡುಗು ಕೇಳಿಸಿದರೆ ಪಕ್ಕಾ ಮನೆಯೊಳಗೆ ಸೇರಿಕೊಳ್ಳಿ, ಬೇವು ಅಥವಾ ಜಾಲಿಯ ಮರದಡಿ ನಿಲ್ಲಬೇಡಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಕರೆಂಟಿನ ತಂತಿ ಬಿದ್ದಿದ್ದರೆ ಯಾರನ್ನೂ ಹತ್ತಿರ ಬಿಡದೆ ವಿದ್ಯುತ್ ಕಂಪನಿ ಜೆಸ್ಕಾಂನ 1912ಕ್ಕೆ ತಿಳಿಸಿ.

ಹಳ್ಳ ಬಂದಾಗಿನ ಎಚ್ಚರಿಕೆಯನ್ನು ನಾನು ಒತ್ತಿ ಹೇಳಬೇಕಾಗಿದೆ. ರಭಸದಿಂದ ಹರಿಯುವ ನೀರು ಅರ್ಧ ಅಡಿಯಷ್ಟಿದ್ದರೂ ಮನುಷ್ಯನ ಕಾಲು ಕೀಳಬಲ್ಲದು, ಎರಡು ಅಡಿಯಾದರೆ ಜೀಪನ್ನೂ ಒಯ್ಯಬಲ್ಲದು. ಭೀಮಾ ತೀರದವರಂತೂ ತಮ್ಮೂರಿನ ಮೋಡವನ್ನಷ್ಟೇ ನೋಡಿ ನಿರ್ಧರಿಸುವಂತಿಲ್ಲ, ಏಕೆಂದರೆ 2020ರ ಅಕ್ಟೋಬರ್‌ನಲ್ಲಿ ಇಲ್ಲಿಯ ಮಳೆಯ ಜೊತೆಗೆ ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರೂ ಸೇರಿ ಊರುಗಳು ಮುಳುಗಿದವು. ನೀರು ರಸ್ತೆಯ ಮೇಲೇರಿದ ಕೂಡಲೇ ಎರಡೂ ಬದಿಗೆ ಎತ್ತಿನ ಬಂಡಿಯನ್ನೋ ಹಗ್ಗವನ್ನೋ ಅಡ್ಡ ಹಾಕಿ, ಇಬ್ಬಿಬ್ಬರು ಕಾವಲಿರಬೇಕು. ಅಂಚಿನ ಕಲ್ಲುಗಳಿಗೆ ಮೊದಲೇ ಸುಣ್ಣ ಬಳಿದಿದ್ದರೆ ರಾತ್ರಿ ಬರುವವರಿಗೆ ರಸ್ತೆ ಎಲ್ಲಿ ಮುಗಿಯುತ್ತದೆಂದು ತಿಳಿಯುತ್ತದೆ.

ನೀರು ಇಳಿದ ಮೇಲೂ ಆತುರಪಡಬಾರದು. ಮೊಣಕಾಲುದ್ದದ ನೀರೆಂದು ಇಳಿದ ಟ್ರ್ಯಾಕ್ಟರೊಂದು ಮೋರಿಯ ಪಕ್ಕದ ಕೊರಕಲಿಗೆ ವಾಲಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಡಿಯ ಮಣ್ಣು ಕೊಚ್ಚಿಹೋಗಿದ್ದರೂ ಮೇಲೆ ನೀರು ಸಮತಟ್ಟಾಗಿಯೇ ಇತ್ತು. ಒಬ್ಬರು ಉದ್ದನೆಯ ಕೋಲಿನಿಂದ ಮೋರಿಯ ಎರಡೂ ಬದಿಯನ್ನು ಕುಟ್ಟುತ್ತಾ ನಡೆದು ನೋಡಲಿ. ಪೊಳ್ಳು ಸದ್ದು ಬಂದ ಜಾಗಕ್ಕೆ ಕೆಂಪು ಬಟ್ಟೆ ಕಟ್ಟಿ ಪಂಚಾಯಿತಿಗೆ ತಿಳಿಸಲಿ. ಆ ಜಾಗ ದುರಸ್ತಿಯಾಗುವವರೆಗೆ ಶಾಲೆಯ ಬಸ್ಸನ್ನು ಆಚೆಯ ದಂಡೆಯಲ್ಲೇ ನಿಲ್ಲಿಸಬೇಕು.