ಸಾವಿಲ್ಲದವನನ್ನು ಇಟ್ಟುಕೊಂಡು ಥ್ರಿಲ್ಲರ್ ಬರೆದದ್ದು

ಥ್ರಿಲ್ಲರ್ ಓಡುವುದೇ ಸಾವಿನ ಭಯದ ಮೇಲೆ. ಮುಖ್ಯ ಪಾತ್ರಕ್ಕೇ ಸಾವಿಲ್ಲ ಅಂದ್ರೆ ಓದುವವರು ಯಾಕೆ ಹೆದರಬೇಕು? ಗೋಕರ್ಣದಲ್ಲಿ ನಡೆಯುವ ನನ್ನ ಕಾದಂಬರಿಗೆ ಅಶ್ವತ್ಥಾಮನನ್ನು ತರಲು ಹೊರಟಾಗ ಮೊದಲು ಎದುರಾದ ತೊಡಕು ಇದೇ.

ದಾರಿ ಸಿಕ್ಕಿದ್ದು ಮಹಾಭಾರತದಲ್ಲಿ. ಅವನು ಕಲಿಯುಗ ಮುಗಿಯುವವರೆಗೂ ಅಲೆಯುತ್ತಾನೆ ಅಂತ ಕೇಳಿಕೊಂಡೇ ಬೆಳೆದವರು ನಾವು. ಸೌಪ್ತಿಕ ಪರ್ವ ತೆರೆದರೆ ಕೃಷ್ಣನ ಶಾಪಕ್ಕೆ ಗಡುವಿದೆ: 3000 ವರ್ಷ. ಮೈಯಲ್ಲಿ ಕೀವು, ರಕ್ತದ ನಾತ. ಮಾತಾಡಿಸುವವರಿಲ್ಲದೆ ಒಬ್ಬನೇ ತಿರುಗಬೇಕು. ಸಂಪ್ರದಾಯದ ಲೆಕ್ಕದಲ್ಲಿ ಕಲಿಯುಗ ಶುರುವಾದದ್ದು ಕ್ರಿ.ಪೂ. 3102ರಲ್ಲಿ, ಯುದ್ಧ ಅದಕ್ಕೂ 36 ವರ್ಷ ಮೊದಲು. ಅಂದ್ರೆ ಶಾಪದ ಅವಧಿ ಎಂದೋ ತೀರಿದೆ! ಹಾಗಿದ್ದೂ ಅವನು ಬದುಕಿದ್ದರೆ, ಹಿಡಿದಿಟ್ಟವರು ಯಾರು? ನನಗೆ ಬೇಕಾಗಿದ್ದ ಗುಟ್ಟು ಸಿಕ್ಕಿತು.

ಗೋಕರ್ಣವೇ ಯಾಕೆ ಅಂದ್ರೆ, ರಾವಣ ಆತ್ಮಲಿಂಗ ಕಳೆದುಕೊಂಡ ಊರು ಅನ್ನೋದಷ್ಟೇ ಕಾರಣ ಅಲ್ಲ. ಸತ್ತವರ ಕಾರ್ಯ ಮಾಡಿಸಲು ಎಲ್ಲೆಲ್ಲಿಂದಲೋ ಜನ ಅಲ್ಲಿಗೆ ಬರ್ತಾರೆ. ಸಾಯಲಾಗದವನಿಗೂ ಬೇಕಾಗಿರುವುದು ಅದೇ. ಅವನ ಕಾರ್ಯ ಮಾಡಲು ಮಕ್ಕಳಿಲ್ಲ. ಹಾಗಾಗಿ ಕೋಟಿತೀರ್ಥದ ಮೆಟ್ಟಿಲ ಮೇಲೆ ತಾನೇ ಬಂದು ಕೂರುತ್ತಾನೆ. ಭಟ್ಟರು ತಲೆ ಎತ್ತದೆ ಸಂಕಲ್ಪಕ್ಕೆ ಕೇಳುತ್ತಾರೆ:

"ಗೋತ್ರ ಯಾವ್ದು?"

"ಭಾರದ್ವಾಜ."

"ತಂದೆ ಹೆಸರು?"

"ದ್ರೋಣ."

"ತೀರಿಕೊಂಡವರು ಯಾರು?"

"ಇನ್ನೂ ತೀರಿಕೊಂಡಿಲ್ಲ."

ಇಷ್ಟು ಬರೆದ ಮೇಲೆ ಭಯದ ದಿಕ್ಕೇ ಬದಲಾಯಿತು. ಇವನು ಸತ್ತುಹೋದರೆ ಅನ್ನೋ ಭಯ ಹೋಗಿ, ಇವನನ್ನು ಸಾಯಲು ಬಿಡದಿದ್ದರೆ ಅನ್ನೋ ಭಯ ಬಂತು. ಕಾಯಿಲೆ ಬಿದ್ದ ಒಬ್ಬ ದುಡ್ಡಿನವನು ಅವನ ಬೆನ್ನಿಗೆ ಬೀಳುತ್ತಾನೆ. ಖಳನ ಬಗ್ಗೆ ಜಾಸ್ತಿ ಹೇಳಲ್ಲ, ಸಾಧಾರಣ ಖಳ.

ಬೆನ್ನಟ್ಟುವ ಅಧ್ಯಾಯ ಯಾಣದಲ್ಲಿದೆ. ಮಳೆಗಾಲ, ಕಾಲಿಗೆ ಉಂಬಳ, ಎದುರಿಗೆ 120 ಮೀಟರ್ ಎತ್ತರದ ಭೈರವೇಶ್ವರ ಶಿಖರ. ವರ ಪಡೆದ ಭಸ್ಮಾಸುರ ತನ್ನ ತಲೆ ಮೇಲೆ ತಾನೇ ಕೈಯಿಟ್ಟು ಸುಟ್ಟುಹೋದ ಅನ್ನುವ ಜಾಗ ಅದು. ಆ ಕಥೆಯನ್ನು ಯಾವ ಪಾತ್ರದ ಬಾಯಲ್ಲೂ ಹೇಳಿಸಲಿಲ್ಲ. ನಮ್ಮ ಕಡೆಯವರಿಗೆ ಗೊತ್ತೇ ಇರುತ್ತೆ ಅಲ್ವಾ?

ನಾನು ದೇವರನ್ನು ನಂಬುವವನು. ಹಾಗಂತ ಪವಾಡ ಬರೆದು ಗಂಟು ಬಿಡಿಸಿದರೆ ಅದು ಥ್ರಿಲ್ಲರ್ ಆಗಲ್ಲ. ಗರ್ಭಗುಡಿಯಲ್ಲಿ ಪೀಠದ ಸಣ್ಣ ರಂಧ್ರದೊಳಗೆ ಬೆರಳಿಟ್ಟು ಅವನು ಆತ್ಮಲಿಂಗ ಮುಟ್ಟುತ್ತಾನೆ. ಬೆಳಕು ಬರಲ್ಲ, ಗಂಟೆ ಹೊಡೆಯಲ್ಲ. ಕೈ ತೆಗೆಯೋದಿಲ್ಲ ಅಂತ ಸರದಿಯಲ್ಲಿ ಹಿಂದಿದ್ದವರು ಗೊಣಗುತ್ತಾರೆ, ಅಷ್ಟೇ. ಅವನಿಗೆ ಏನಾಯಿತು ಅನ್ನೋದನ್ನು ಸುಮ್ನೆ ಬಿಟ್ಟೆ.

ವಿಧಿಗಳಲ್ಲಿ ಮಾತ್ರ ಸಡಿಲ ಬಿಡಲಿಲ್ಲ. ಶಿರಸಿಯ ಪುರೋಹಿತರೊಬ್ಬರಿಗೆ ಕರಡು ಕೊಟ್ಟೆ. ಅಶ್ವತ್ಥಾಮ ಬಂದು ಕೂತದ್ದಕ್ಕೆ ಅವರು ಚಕಾರ ಎತ್ತಲಿಲ್ಲ. "ಪಿತೃಕಾರ್ಯ ಅಲ್ವಾ, ಜನಿವಾರ ಬಲಭುಜಕ್ಕೆ ಹಾಕಿಸಿ, ದರ್ಭೆ ತುದಿ ದಕ್ಷಿಣಕ್ಕಿರಲಿ" ಅಂದರು. ಅದನ್ನೂ ಸೇರಿಸಿ ಅಚ್ಚಿಗೆ ಕಳಿಸಿದೆ.